ಅಮೆರಿಕದ ಕಾಲ್ಚೆಂಡಾಟಕ್ಕೆ ಒಳ ಉಡುಪು, ನಡುಪಟ್ಟಿ, ಕಾಲುಚೀಲ

ಅಮೆರಿಕದವರು ಕಾಲ್ಚೆಂಡಾಟವೆಂದು ಕರೆಯುವ ಆಟದಲ್ಲಿ ಚೆಂಡು ಬಹುಪಾಲು ಕೈಯಲ್ಲಿಯೇ ಇರುತ್ತದೆ. ಪಕ್ಷವೊಂದಕ್ಕೆ ೧೧ ಮಂದಿ. ಚೆಂಡನ್ನು ಎದೆಗವುಚಿಕೊಂಡು ಓಡುವವನನ್ನು ಎದುರು ಪಕ್ಷದವರು ಹಿಡಿದು ನೆಲಕ್ಕೆ ಕೆಡಹುತ್ತಾರೆ. ತಲೆಗೆ ಶಿರಸ್ತ್ರಾಣ, ಹೆಗಲಿಗೆ ಕವಚ, ತೊಡೆ ಮಂಡಿಗಳಿಗೆ ಮೆತ್ತೆ, ಇಷ್ಟನ್ನು ಧರಿಸಿ ಆಡುವ ಆಟ ನಮ್ಮ ಚಿಪ್ಪಗಿರಿಯ ಮಕ್ಕಳಿಗೇತಕ್ಕೆ ಎಂದು ಪೋಷಕರು ನಕ್ಕರೆ ಅದು ಸಹಜವೇ. ೨೦೧೨ರಲ್ಲಿ ನಮ್ಮ ದೇಶದ ತಂಡಗಳನ್ನು ಕಟ್ಟಿ ಒಂದು ಲೀಗ್ ನಡೆಸಿದಾಗ ಅದರಲ್ಲಿ ಬೆಂಗಳೂರಿನ ಹೆಸರಿನ ತಂಡವೂ ಇದ್ದಿತು. ಆದರೂ ಆ ಕವಚಗಳ ಬೆಲೆ ಶಾಲೆಗಳಿಗೆ ನಿಲುಕುವಂಥದಲ್ಲ.

ಆದರೆ ಈ ಆಟಕ್ಕೆ ಸೌಮ್ಯವಾದ ಇನ್ನೊಂದು ರೂಪ ಉಂಟು. ಅದರಲ್ಲಿ ಪಕ್ಷಕ್ಕೆ ಐವರು, ಕವಚವಿಲ್ಲ, ಕೆಡಹುವಂತಿಲ್ಲ. ಆಟಗಾರನ ನಡುಪಟ್ಟಿಯ ಎರಡು ಮಗ್ಗುಲಲ್ಲಿ ಗೇಣಿಗಿಂತ ಉದ್ದನೆಯ ಪಟ್ಟಿಗಳು ತೂಗುತ್ತಿರುತ್ತವೆ. ಚೆಂಡು ಹಿಡಿದು ಓಡುವವನ ಪಟ್ಟಿಯೊಂದನ್ನು ಕಿತ್ತರೆ ಅವನ ಓಟ ಅಲ್ಲಿಗೆ ಮುಗಿಯಿತು. ಇದಕ್ಕೆ ಫ್ಲ್ಯಾಗ್ ಫುಟ್‌ಬಾಲ್ ಎಂದು ಹೆಸರು. ೨೦೨೩ರ ಅಕ್ಟೋಬರಿನಲ್ಲಿ ಮುಂಬಯಿಯಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯು ಇದನ್ನು ೨೦೨೮ರ ಲಾಸ್ ಏಂಜಲಿಸ್ ಒಲಿಂಪಿಕ್ ಕ್ರೀಡೆಗಳಿಗೆ ಸೇರಿಸಿತು. ಸ್ತ್ರೀಯರಿಗೂ ಪುರುಷರಿಗೂ ಬೇರೆ ಬೇರೆ ಪಂದ್ಯಗಳು. ಇದಕ್ಕೆ ಬೇಕಾದುದು ೫೦ ಗಜ ಉದ್ದ, ೨೫ ಗಜ ಅಗಲದ ಬಯಲು, ಎರಡು ತುದಿಗಳಲ್ಲಿ ಇನ್ನು ಹತ್ತು ಹತ್ತು ಗಜ. ಕಬಡ್ಡಿಯಲ್ಲಿ ಮೈ ತಿರುಗಿಸಿ ನುಸುಳಿಕೊಳ್ಳಲು ಬಲ್ಲ ಮಕ್ಕಳಿಗೆ ಇದು ಬಹುಬೇಗ ಕೈವಶವಾಗುವ ಆಟವೆಂದು ನಮ್ಮ ಎಣಿಕೆ. ಆದುದರಿಂದ ಇದಕ್ಕೆ ಮೈಮೇಲೆ ಏನಿರಬೇಕೆಂಬುದನ್ನು ಇಲ್ಲಿ ವಿಚಾರಿಸೋಣ.

ಮೊದಲು ಮೈಗೆ ತಾಗುವ ಬಟ್ಟೆ. ಓಡುವವನ ಸ್ನಾಯುಗಳಲ್ಲಿ ಹುಟ್ಟುವ ಶಾಖವನ್ನು ಹೊರಗೆ ಹಾಕುವ ಮುಖ್ಯ ಸಾಧನ ಬೆವರು. ಒಂದು ಗ್ರಾಂ ಬೆವರು ಚರ್ಮದ ಮೇಲೆ ಆವಿಯಾದರೆ ಸುಮಾರು ೫೮೦ ಕ್ಯಾಲರಿ ಶಾಖವನ್ನು ಒಯ್ಯುತ್ತದೆ. ಹಣೆಯಿಂದ ನೆಲಕ್ಕೆ ತೊಟ್ಟಿಕ್ಕಿ ಹೋದ ಬೆವರಿನಿಂದ ಈ ಲಾಭವಿಲ್ಲ. ಅದು ಮೈಯ ನೀರನ್ನು ಕಳೆದುದಷ್ಟೇ. ಒಳ ಉಡುಪು ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ಈ ಒಂದು ಪರೀಕ್ಷೆಯಿಂದಲೇ ತಿಳಿಯಬಹುದು: ಅದು ಬೆವರನ್ನು ಆವಿಯಾಗಲು ಬಿಡುತ್ತದೆಯೆ?

ಇಲ್ಲಿ ನಮ್ಮ ಸೀಮೆಯವರಿಗೆ ಸ್ವಲ್ಪ ಕಹಿಯಾದ ಮಾತನ್ನು ಹೇಳಬೇಕಾಗಿದೆ. ಎರೆಯ ಹೊಲದಲ್ಲಿ ಹತ್ತಿ ಬೆಳೆದು ಆದವಾನಿಯ ಪೇಟೆಗೆ ಸಾಗಿಸುವ ನಮಗೆ ಹತ್ತಿಯ ಬನಿಯನ್ನಿಗಿಂತ ಉತ್ತಮವಾದುದಿಲ್ಲವೆಂಬ ಅಭಿಮಾನವಿದೆ. ನಿತ್ಯದ ಉಡುಗೆಗೆ ಅದು ನಿಜ. ಆದರೆ ಹತ್ತಿಯ ಎಳೆ ನೀರನ್ನು ತನ್ನೊಳಕ್ಕೆ ಎಳೆದುಕೊಳ್ಳುತ್ತದೆ. ಸಾಧಾರಣ ಹವೆಯಲ್ಲಿಯೂ ತನ್ನ ತೂಕದ ನೂರಕ್ಕೆ ಏಳೆಂಟು ಪಾಲು ತೇವವನ್ನು ಇಟ್ಟುಕೊಂಡಿರುತ್ತದೆ. ಪಾಲಿಯೆಸ್ಟರ್ ಎಳೆಯಲ್ಲಿ ಈ ಪಾಲು ಅರ್ಧದಷ್ಟೂ ಇರುವುದಿಲ್ಲ, ಅಂದರೆ ನೂರಕ್ಕೆ ಸುಮಾರು ೦.೪. ಅದರ ಮೇಲೆ ಬಿದ್ದ ಬೆವರು ಎಳೆಗಳ ಸಂದಿನಲ್ಲಿ ಹರಡಿ ಬೇಗ ಆರುತ್ತದೆ. ನೆನೆದ ಹತ್ತಿಯ ಬಟ್ಟೆಯಾದರೋ ಭಾರವಾಗಿ ಮೈಗಂಟಿ, ಕಂಕುಳಲ್ಲಿಯೂ ತೊಡೆಯ ಸಂದಿನಲ್ಲಿಯೂ ಉಜ್ಜಿ ಚರ್ಮವನ್ನು ಕೆಂಪಾಗಿಸುತ್ತದೆ. ಆದುದರಿಂದ ಅರ್ಧಗಂಟೆಯ ಅಭ್ಯಾಸಕ್ಕೆ ಮನೆಯಲ್ಲಿರುವ ತೆಳು ಹತ್ತಿಯ ಬನಿಯನ್ ಸಾಕು, ಹೊಸದನ್ನು ಕೊಳ್ಳುವ ಅಗತ್ಯವಿಲ್ಲ. ದಿನವೆಲ್ಲ ಪಂದ್ಯವಿರುವಾಗ ಮಾತ್ರ ತೆಳುವಾದ, ತಿಳಿಬಣ್ಣದ ಪಾಲಿಯೆಸ್ಟರ್ ಹೆಣಿಗೆಯ ಅಂಗಿ ಮೇಲು.

ಬಿಗಿಯಾದ ಉಡುಪಿನಿಂದ ಬಲ ಹೆಚ್ಚುವುದೆಂದು ಅಂಗಡಿಯವರು ಹೇಳಿದರೆ ಅದನ್ನು ನಂಬಿ ಹಣ ತೆರಬೇಡಿರಿ. ಬಿಗಿಯುಡುಪಿನ ಸಾಕ್ಷಾತ್ ಉಪಯೋಗವೆಂದರೆ ಅದು ಉಜ್ಜುವುದಿಲ್ಲ, ಎದುರಾಳಿಯ ಬೆರಳಿಗೆ ಸಿಕ್ಕುವುದಿಲ್ಲ. ಗರಡಿಯ ಪೈಲವಾನರು ಲಂಗೋಟಿಯನ್ನು ಬಿಗಿದು ಕಟ್ಟುವುದೂ, ಹೊಲದಲ್ಲಿ ದುಡಿಯುವವರು ಕಚ್ಚೆ ಹಾಕುವುದೂ ಇದೇ ವಿವೇಕದಿಂದ. ಉಸಿರು ಪೂರ್ತಿಯಾಗಿ ಎಳೆದಾಗ ಎದೆಗೆ ಅಡ್ಡಿಯಾಗಕೂಡದು. ತೆಗೆದ ಮೇಲೆ ಹೊಲಿಗೆಯ ಗುರುತು ಚರ್ಮದಲ್ಲಿ ಆಳವಾಗಿ ಉಳಿಯಕೂಡದು. ಬಾಲಕಿಯರಿಗೆ ಓಟದಲ್ಲಿ ಅಲುಗದಂತೆ ಆಧಾರ ಕೊಡುವ ಒಳಕುಪ್ಪಸ ಅವಶ್ಯ. ತಾಯಂದಿರು ಇದನ್ನು ಸಂಕೋಚಪಟ್ಟು ಬಿಟ್ಟುಬಿಡುವುದುಂಟು. ಹಾಗೆ ಬಿಟ್ಟುದರಿಂದಲೇ ಎಷ್ಟೋ ಹುಡುಗಿಯರು ಆಟವನ್ನೇ ಬಿಡುತ್ತಾರೆ.

ಶಾಖದ ವಿಷಯವನ್ನು ಹಗುರಾಗಿ ನೋಡಲಾಗದು. ೨೦೦೧ರಲ್ಲಿ ಅಮೆರಿಕದ ವೃತ್ತಿಪರ ಆಟಗಾರ ಕೋರೀ ಸ್ಟ್ರಿಂಗರ್, ೨೭ ವರ್ಷದ ದೃಢಕಾಯ, ಬೇಸಗೆಯ ಅಭ್ಯಾಸದಲ್ಲಿ ಶಾಖಾಘಾತಕ್ಕೆ ಒಳಗಾಗಿ ತೀರಿಕೊಂಡನು. ೨೦೦೩ರಿಂದ ಅಲ್ಲಿಯ ಕಾಲೇಜುಗಳಲ್ಲಿ ಮೊದಲ ದಿನಗಳ ಅಭ್ಯಾಸಕ್ಕೆ ಬರಿಯ ಶಿರಸ್ತ್ರಾಣ, ಅನಂತರ ಹೆಗಲ ಕವಚ, ಅದರ ತರುವಾಯವೇ ಪೂರ್ಣ ಉಡುಪು ಎಂಬ ನಿಯಮ ಬಂದಿತು. ಮೈ ಬಿಸಿಲಿಗೆ ಒಗ್ಗಲು ಒಂದೆರಡು ವಾರಗಳು ಬೇಕು. ನಮ್ಮಲ್ಲಿ ಕಾರ್ತಿಕ ಶುದ್ಧ ದಶಮಿಯ ವಿಜಯದಾಸರ ಆರಾಧನೆ ಕಳೆದ ಮೇಲೆ ಬರುವ ತಂಪಿನ ತಿಂಗಳುಗಳೇ ಈ ಆಟವನ್ನು ಆರಂಭಿಸಲು ತಕ್ಕ ಕಾಲ; ಚೈತ್ರ ವೈಶಾಖಗಳ ಮಧ್ಯಾಹ್ನದಲ್ಲಿ ಯಾವ ಉಡುಪೂ ಕಾಯಲಾರದು. ಆಡುವ ಹುಡುಗ ತತ್ತರಿಸಿದರೆ, ಅಸಂಬದ್ಧವಾಗಿ ಮಾತನಾಡಿದರೆ, ಕೂಡಲೆ ನೆರಳಿಗೆ ಒಯ್ದು, ಹೆಚ್ಚಿನ ಬಟ್ಟೆ ತೆಗೆದು, ಮೈತುಂಬ ತಣ್ಣೀರು ಸುರಿಯುತ್ತಿರಬೇಕು. ಆಸ್ಪತ್ರೆಗೆ ಹೇಳಿಕಳುಹಿಸಿ, ಬಂಡಿ ಬರುವವರೆಗೂ ತಣಿಸುವುದನ್ನು ನಿಲ್ಲಿಸಕೂಡದು.

ಇನ್ನು ನಡುಪಟ್ಟಿ. ಕವಚದ ಆಟದಲ್ಲಿ ಷರಾಯಿಯೊಳಗಿನ ಮೆತ್ತೆಗಳು ತೊಡೆ ಮಂಡಿಗಳ ಮೇಲೆಯೇ ನಿಲ್ಲುವುದು ಪಟ್ಟಿಯಿಂದ. ಅದು ಸಡಿಲಾದರೆ ಮೆತ್ತೆ ಜಾರಿ ಮಂಡಿಗೆ ಕಾವಲಿಲ್ಲದಾಗುತ್ತದೆ. ಪಟ್ಟಿಯ ಆಟದಲ್ಲಿಯಾದರೋ ನಡುಪಟ್ಟಿಯೇ ಆಟದ ಜೀವ. ಚರ್ಮದ ಪಟ್ಟಿ, ಲೋಹದ ಮುಳ್ಳಿನ ಕೊಂಡಿ ಎರಡೂ ಬೇಡ. ಬಿದ್ದಾಗ ಹೊಟ್ಟೆಗೆ ಚುಚ್ಚುತ್ತವೆ. ನೇಯ್ದ ದಪ್ಪ ನಾಡದ, ಬೇಗ ಸಿಕ್ಕಿಸಿ ಬಿಡಿಸಬಹುದಾದ ಕೊಂಡಿಯ ಪಟ್ಟಿ ಇರಲಿ. ಬಿಗಿದ ಮೇಲೆ ಉಳಿಯುವ ತುದಿಯನ್ನು ಒಳಕ್ಕೆ ಸೇರಿಸಬೇಕು, ಇಲ್ಲವಾದರೆ ಎದುರಾಳಿ ಅದನ್ನೇ ಹಿಡಿದೆಳೆದಾನು. ತೂಗುವ ಪಟ್ಟಿಯನ್ನು ಗಂಟು ಹಾಕುವುದೂ ಕೈಯಿಂದ ಮುಚ್ಚುವುದೂ ನಿಯಮವಿರುದ್ಧ. ಅಂಗಿಯನ್ನು ಚಡ್ಡಿಯೊಳಗೆ ಸೇರಿಸಿರಬೇಕು, ಚಡ್ಡಿಗೆ ಜೇಬು ಇರಕೂಡದು. ಪಟ್ಟಿಗೆ ಹಾಕಿದ ಕೈ ಜೇಬಿನಲ್ಲಿ ಸಿಕ್ಕಿ ಬೆರಳು ಉಳುಕುವ ಭಯವಿದೆ. ಉಡಿದಾರದಲ್ಲಿ ತಾಯಿತ ಕಟ್ಟಿಕೊಂಡ ಮಕ್ಕಳು ಅದನ್ನು ಪಟ್ಟಿಯ ಅಡಿಯಲ್ಲಿ ಸಿಕ್ಕದಂತೆ ಕೆಳಕ್ಕೆ ಸರಿಸಿಕೊಂಡರೆ ಸಾಕು, ತೆಗೆಯಬೇಕಾಗಿಲ್ಲ. ಕಲಿಯುವ ದಿನಗಳಲ್ಲಿ ಹಳೆಯ ಬಣ್ಣದ ಸೀರೆಯಂಚಿನ ಎರಡು ತುಂಡುಗಳನ್ನು ಚಡ್ಡಿಯ ನಡುವಿಗೆ ಸಿಕ್ಕಿಸಿ ಆಡಿದರೂ ಆಟ ಕೆಡದು.

ಹಣ ಸ್ವಲ್ಪವೇ ಇದ್ದರೆ ನಾವು ಮೊದಲು ಕೊಳ್ಳುವುದು ಕಾಲುಚೀಲವನ್ನು. ತಟ್ಟನೆ ನಿಂತು ಮಗ್ಗುಲಿಗೆ ಜಿಗಿಯುವ ಈ ಆಟದಲ್ಲಿ ಪಾದ ಬೂಟಿನೊಳಗೆ ಜಾರುತ್ತದೆ. ಒದ್ದೆಯಾದ ಚರ್ಮ ಉಜ್ಜಿದರೆ ನೀರುಗುಳ್ಳೆ ಏಳುತ್ತದೆ. ಮುಂದಿನ ವರ್ಷಕ್ಕೂ ಆಗಲಿ ಎಂದು ದೊಡ್ಡ ಅಳತೆಯದನ್ನು ಕೊಳ್ಳುವ ತಂದೆಯ ಮಿತವ್ಯಯ ಇಲ್ಲಿ ಸಲ್ಲದು. ದೊಡ್ಡ ಚೀಲ ಮಡಿಕೆ ಬೀಳುತ್ತದೆ, ಮಡಿಕೆಯೇ ಗುಳ್ಳೆಯ ತವರು. ಹಿಮ್ಮಡಿಯ ಭಾಗ ಹಿಮ್ಮಡಿಯಲ್ಲಿಯೇ ಕೂರಬೇಕು, ಬೆರಳ ತುದಿಯ ಹೊಲಿಗೆ ಚಪ್ಪಟೆಯಾಗಿರಬೇಕು, ಅಡಿ ತುಸು ದಪ್ಪವಾಗಿರಬೇಕು. ನೈಲಾನ್ ಇಲ್ಲವೆ ಪಾಲಿಯೆಸ್ಟರ್ ಬೆರೆತ ಹೆಣಿಗೆ ಬರಿಯ ಹತ್ತಿಗಿಂತ ಲೇಸು. ಎತ್ತರದ ವಿಷಯದಲ್ಲಿ ನಮ್ಮ ಬಯಲೇ ತೀರ್ಪು ಹೇಳುತ್ತದೆ: ಗರಸು ನೆಲ, ನೆಗ್ಗಿಲು ಮುಳ್ಳು, ಜಾಲಿಯ ಕಡ್ಡಿ ಇರುವಲ್ಲಿ ಮೊಣಕಾಲವರೆಗಿನ ಚೀಲ ತರಚುಗಾಯವನ್ನು ತಡೆಯುತ್ತದೆ. ಬೂಟು ಕೊಳ್ಳಲು ಹೋಗುವಾಗ ಆಟದ ಕಾಲುಚೀಲವನ್ನು ಜೊತೆಗೆ ಒಯ್ದು, ಅದನ್ನು ತೊಟ್ಟೇ ಅಳತೆ ನೋಡಬೇಕು.

ಆಡಿದ ದಿನವೇ ಇವೆಲ್ಲವನ್ನೂ ಒಗೆಯತಕ್ಕದ್ದು. ಬೆವರಿನ ಉಪ್ಪು ಒಣಗಿದರೆ ಬಟ್ಟೆ ಒರಟಾಗುತ್ತದೆ. ಒದ್ದೆ ಚೀಲವನ್ನು ಮತ್ತೆ ಮತ್ತೆ ತೊಟ್ಟರೆ ಬೆರಳ ಸಂದಿನಲ್ಲಿ ಬೂಷ್ಟು ತಗುಲಿ ತುರಿಕೆಯಾಗುತ್ತದೆ. ಕಾಲುಚೀಲವನ್ನು ಒಳಮೈ ಹೊರಗೆ ತಿರುವಿ ಒಗೆಯಿರಿ. ರಬ್ಬರಿನಂತೆ ಹಿಗ್ಗುವ ಎಳೆಯಿರುವ ಬಟ್ಟೆಯನ್ನು ಉಬ್ಬೆಗೆ ಹಾಕಬೇಡಿರಿ, ಬಂಡೆಗೆ ಬಡಿಯಬೇಡಿರಿ; ಬಿಸಿಗೆ ಆ ಎಳೆ ಸತ್ತುಹೋಗುತ್ತದೆ. ತಣ್ಣೀರಿನಲ್ಲಿ ಹಿಂಡಿ ಗಾಳಿಯಾಡುವ ನೆರಳಿನಲ್ಲಿ ಹರಡಿದರೆ ಮರುದಿನದ ಬೆಳಗಿನ ಆಟದ ಹೊತ್ತಿಗೆ ಆರಿರುತ್ತದೆ.