ಗೇರುಹಣ್ಣಿನ ಘಮ, ಮೂಗಿಗೆ ಸಿಗದ ವಿಷ

ಮಾರ್ಚ್‌ನಿಂದ ಮೇವರೆಗೆ ಭಟ್ಕಳ, ಹೊನ್ನಾವರ, ಕುಮಟಾದ ಗುಡ್ಡಬೇಣಗಳಲ್ಲಿ ಗೇರುಹಣ್ಣಿನ ವಾಸನೆ ಗಾಳಿಗೇ ಅಂಟಿಕೊಂಡಿರುತ್ತದೆ. ಇದೇ ಹಣ್ಣಿನ ರಸವನ್ನು ನೆರೆಯ ಗೋವೆಯಲ್ಲಿ ಹುಳಿಸಿ ಭಟ್ಟಿ ಇಳಿಸುತ್ತಾರೆ. ಮೊದಲು ಇಳಿದದ್ದು ಉರಾಕ್, ಅದನ್ನು ಮತ್ತೆ ಇಳಿಸಿದರೆ ಫೆನ್ನಿ. ಗೋವೆಯ ಫೆನ್ನಿಗೆ 2009ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯೂ ದೊರೆಯಿತು.

ಆರೋಗ್ಯದ ಅಂಕಣದಲ್ಲಿ ಫೆನ್ನಿಯ ಮಾತೇಕೆ ಎನ್ನುವಿರಾ? "ಮೂಸಿ ನೋಡಿದರೆ ಸಾಕು, ಅಸಲಿ ಯಾವುದು, ನಕಲಿ ಯಾವುದು ಹೇಳುತ್ತೇನೆ" ಎನ್ನುವವರು ಎಲ್ಲ ಊರಲ್ಲೂ ಇದ್ದಾರೆ. ಈ ನಂಬಿಕೆಯೇ ಪ್ರಾಣಕ್ಕೆ ಎರವಾಗುತ್ತದೆ.

ರುಚಿ ಪರೀಕ್ಷಕರ ಮೂಗು ಚುರುಕೇ, ನಿಜ. ಅವರು ದೂರದಿಂದ ಮೂಸುತ್ತಾರೆ, ತುಸು ನೀರು ಬೆರೆಸುತ್ತಾರೆ, ಒಂದು ತೊಟ್ಟು ನಾಲಿಗೆಯ ಮೇಲೆ ಹೊರಳಿಸಿ ಅನೇಕ ವೇಳೆ ಉಗುಳಿಬಿಡುತ್ತಾರೆ. ಹಣ್ಣಿನ ಘಮ, ಸೀದ ವಾಸನೆ, ಗಂಟಲಿನ ಉರಿ ಇವೆಲ್ಲ ಅವರಿಗೆ ತಿಳಿಯುತ್ತವೆ. ಆದರೆ ಮದ್ಯದಲ್ಲಿ ಬೆರೆತ ಮೆಥನಾಲ್ ಎಂಥ ಪರೀಕ್ಷಕನಿಗೂ ತಿಳಿಯದು. ಅದರ ವಾಸನೆ, ರುಚಿ, ಅಮಲು ಮಾಮೂಲು ಮದ್ಯಸಾರವಾದ ಎಥನಾಲ್‌ನಂತೆಯೇ. ಬಾಟಲಿ ಕುಲುಕಿದಾಗ ಏಳುವ ಗುಳ್ಳೆ ಕಡುವು ಎಷ್ಟೆಂದು ಹೇಳೀತೇ ಹೊರತು ವಿಷವಿದೆಯೆಂದು ಹೇಳದು. ನೀಲಿ ಜ್ವಾಲೆ ಬಂದರೆ ಶುದ್ಧ ಎಂಬುದೂ ತಪ್ಪು. ಮೆಥನಾಲ್ ಕೂಡ ನೀಲಿಯಾಗಿಯೇ ಉರಿಯುತ್ತದೆ.

ಹುಳಿಸಿದ ಹಣ್ಣಿನಲ್ಲಿ ಮೆಥನಾಲ್ ಅಲ್ಪ ಪ್ರಮಾಣದಲ್ಲಿ ಇರುತ್ತದೆ. ದುರಂತಗಳಿಗೆ ಕಾರಣ ಹೆಚ್ಚಾಗಿ ಕಾರ್ಖಾನೆಯ ಮೆಥನಾಲ್ ಬೆರಕೆ. 1981ರಲ್ಲಿ ಬೆಂಗಳೂರಿನಲ್ಲಿ ವಿಷಮದ್ಯಕ್ಕೆ ಮುನ್ನೂರಕ್ಕೂ ಹೆಚ್ಚು ಜನ ಬಲಿಯಾದರು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಮರುವರ್ಷ ಮೇ ತಿಂಗಳಲ್ಲೇ ಕಳ್ಳಭಟ್ಟಿ ಕುಡಿದು ಬೆಂಗಳೂರು, ಕೋಲಾರ ಭಾಗದಲ್ಲಿ ಮತ್ತೆ ಸಾವುಗಳಾದವು. ಚೀಟಿಯಿಲ್ಲದ ಬಾಟಲಿಯನ್ನು ಯಾರೂ ಪರೀಕ್ಷಿಸಿರುವುದಿಲ್ಲ ಎಂಬುದು ನೆನಪಿರಲಿ.

ಮೆಥನಾಲ್ ದೇಹದಲ್ಲಿ ಫಾರ್ಮಿಕ್ ಆಮ್ಲವಾಗಿ ಕಣ್ಣಿನ ನರವನ್ನು ಸುಡುತ್ತದೆ. ಹತ್ತು ಮಿಲಿಲೀಟರ್ ದೃಷ್ಟಿ ಕಳೆಯಬಲ್ಲದು. ಲಕ್ಷಣಗಳು ಕುಡಿದ ಕೂಡಲೇ ಕಾಣುವುದಿಲ್ಲ. ಸಾಮಾನ್ಯವಾಗಿ 12ರಿಂದ 24 ಗಂಟೆಗಳ ನಂತರ ತಲೆನೋವು, ವಾಂತಿ, ಹೊಟ್ಟೆನೋವು, ಏದುಸಿರು, ಕಣ್ಣೆದುರು ಮಂಜು ಕವಿದಂತಾಗುವುದು ಶುರುವಾಗುತ್ತದೆ. ಇದನ್ನು ಅಮಲು ಇಳಿಯುವಾಗಿನ ತೊಂದರೆಯೆಂದು ಮಲಗಿಸಬೇಡಿ. ನಿಂಬೆರಸ, ಮಜ್ಜಿಗೆಯಿಂದ ಇದು ಇಳಿಯದು. ತಕ್ಷಣ 108ಕ್ಕೆ ಕರೆ ಮಾಡಿ, ತಾಲ್ಲೂಕು ಆಸ್ಪತ್ರೆಗೆ ಒಯ್ಯಿರಿ. ಉಳಿದ ಮದ್ಯದ ಬಾಟಲಿ ಜತೆಗಿರಲಿ. ಒಟ್ಟಿಗೆ ಕುಡಿದವರು ಆರಾಮಾಗಿ ಕಂಡರೂ ಅವರನ್ನೂ ಕರೆದೊಯ್ಯಿರಿ. ಪ್ರತ್ಯೌಷಧವಿದೆ, ಡಯಾಲಿಸಿಸ್ ಕೂಡ ವಿಷ ತೆಗೆಯುತ್ತದೆ. ಆದರೆ ಸಮಯ ಮೀರಬಾರದು. ನಮ್ಮ ಕರಾವಳಿಯಿಂದ ಮಣಿಪಾಲ, ಮಂಗಳೂರಿನ ದೊಡ್ಡ ಆಸ್ಪತ್ರೆಗಳು ದೂರ. ಆದ್ದರಿಂದ ಬೇಗ ಹೊರಡುವುದೇ ಅರ್ಧ ಚಿಕಿತ್ಸೆ.

ಅಸಲಿ ಫೆನ್ನಿ ಔಷಧವೇ ಎಂದು ಕೇಳುವವರಿದ್ದಾರೆ. ಅಲ್ಲ. ಗೇರುಹಣ್ಣಿನಲ್ಲಿ ಹೇರಳವಾಗಿರುವ ಸಿ ಜೀವಸತ್ವ ಆವಿಯಾಗಿ ಮೇಲೇರುವುದಿಲ್ಲ, ಭಟ್ಟಿಯಲ್ಲೇ ಉಳಿಯುತ್ತದೆ. ಬಾಟಲಿಗೆ ಬರುವುದು ಘಮ ಮತ್ತು ಮದ್ಯಸಾರ ಮಾತ್ರ. ಮದ್ಯದ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟಪಡಿಸಿದೆ.

ಗೇರುಹಣ್ಣಿನ ರುಚಿ ಬೇಕೆನಿಸಿದರೆ ಮಾಗಿದ ಹಣ್ಣನ್ನು ತೊಳೆದು, ಹೋಳು ಮಾಡಿ, ಉಪ್ಪುನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿಡಿ. ಒಗರು ಕಡಿಮೆಯಾಗುತ್ತದೆ. ಮನೆಮಂದಿಯೆಲ್ಲ ಕೂಡಿ ಸವಿಯಬಹುದು.