ಐದು ಕ್ವಿಂಟಲ್ ತೊಗರಿಯ ಉಡುಗೊರೆ

ನಮ್ಮ ಮುದ್ದೇಬಿಹಾಳ ಭಾಗದಲ್ಲಿ ಯಾರ ಮನೆಯ ಟ್ರಂಕು ತೆಗೆದರೂ ತಳದಲ್ಲಿ ಜಂಪರ್ ಪೀಸುಗಳ ಗಂಟೊಂದು ಸಿಗುತ್ತದೆ. ಲಗ್ನ, ಕುಬಸ, ತೊಟ್ಟಿಲು, ಮನೆ ಶಾಂತಿ, ಎಲ್ಲಿಗೆ ಹೋದರೂ ಬರುವಾಗ ಉಡಿಗೆ ಒಂದು ತುಂಡು ಬೀಳುತ್ತದೆ. ಅದನ್ನು ಹೊಲಿಸಿಕೊಳ್ಳುವವರು ಬಹಳ ಕಡಿಮೆ. ಮಡಿಕೆ ಬಿಚ್ಚದೆ ಅದು ಮುಂದಿನ ಲಗ್ನಕ್ಕೆ ಹೋಗುತ್ತದೆ, ಅಲ್ಲಿಂದ ಇನ್ನೊಂದಕ್ಕೆ. ತಾಳಿಕೋಟಿಯಲ್ಲಿ ಕೊಂಡ ತುಂಡು ನಾಲತವಾಡ ಸುತ್ತಿ ಢವಳಗಿಗೆ ಬಂದು ಮತ್ತೆ ಕೊಟ್ಟವರ ಮನೆಗೇ ಮರಳಿದ್ದನ್ನು ನಾನು ಕಂಡಿದ್ದೇನೆ.

ಹೀಗಾಗುವುದಕ್ಕೆ ಹೆಣ್ಣುಮಕ್ಕಳ ಉದಾಸೀನ ಕಾರಣವಲ್ಲ, ಲೆಕ್ಕ ಕಾರಣ. ಸಗಟಿನಲ್ಲಿ 35 ರೂಪಾಯಿಗೆ ಸಿಗುವ ಪಾಲಿಯೆಸ್ಟರ್ ತುಂಡು ಸಾಮಾನ್ಯವಾಗಿ 80 ಸೆಂಟಿಮೀಟರ್ ಇರುತ್ತದೆ. ಮೈಕಟ್ಟು ತುಸು ದೊಡ್ಡದಿದ್ದರೆ, ತೋಳು ಮೊಣಕೈವರೆಗೆ ಬೇಕೆಂದರೆ ಸಾಲದು. ಸಾಲಿದರೂ ಅಸ್ತರಿನ ಬಟ್ಟೆ, ಹೊಲಿಗೆ ಕೂಲಿ ಸೇರಿ ಮುನ್ನೂರು ರೂಪಾಯಿಯಾದರೂ ಬೇಕು. ಈಗಿನ ಸೀರೆಗಳಿಗೆ ಕುಪ್ಪಸದ ಬಟ್ಟೆ ಸೆರಗಿನ ಜೊತೆಗೇ ಬರುತ್ತದೆ. 35 ರೂಪಾಯಿಯ ಉಡುಗೊರೆ ಬಳಸಲು ಮುನ್ನೂರು ಖರ್ಚು ಮಾಡು ಎಂದು ನಾವು ಬಂದವರಿಗೆ ಹೇಳಿದಂತಾಯಿತು. ಕೊಳ್ಳುವ ಬೆಲೆಯ ಜೊತೆಗೆ ಬಳಸುವವರು ಎಷ್ಟು ಕೊಡಬೇಕಾಗುತ್ತದೆ ಎಂಬುದನ್ನೂ ಕೂಡಿಸಿ ನೋಡಬೇಕೆಂದು ನಾನು ಪಟ್ಟು ಹಿಡಿಯುವುದು ಇದಕ್ಕೇ.

ನನ್ನ ಅಣ್ಣನ ಮಗಳ ಲಗ್ನದಲ್ಲಿ ಖರ್ಚಿನ ವಹಿ ನನ್ನ ಕೈಗೆ ಬಂತು. ಬೀಗರ ಸೀರೆ, ಧೋತರ, ಆಯಾರದ ಲೆಕ್ಕ ಬೇರೆಯೇ ಇತ್ತು, ಅದನ್ನು ಯಾರೂ ಮುಟ್ಟುವಂತಿರಲಿಲ್ಲ. ನಾನು ಹೇಳುತ್ತಿರುವುದು ಅಕ್ಕಿಕಾಳು ಹಾಕಿ, ಉಂಡು ಹೋಗುವ ಎಲ್ಲರಿಗೂ ಕೊಡುವ ಸಾಮಾನಿನ ಮಾತು. ಹಳೆಯ ಪದ್ಧತಿಯಂತೆ ಹೆಣ್ಣುಮಕ್ಕಳಿಗೆ ಜಂಪರ್ ಪೀಸು, ಗಂಡಸರಿಗೆ ಟೋಪಿ ಮತ್ತು ತೆಳ್ಳನೆಯ ಟಾವೆಲ್ ಎಂದು ಬರೆದರೆ ಹತ್ತಿರ ಹತ್ತಿರ 40 ಸಾವಿರ ಆಗುತ್ತಿತ್ತು. ಅಣ್ಣನದು ಒಣಬೇಸಾಯ. 2025-26ರ ಹಂಗಾಮಿಗೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ. ಅಂದರೆ ಐದು ಕ್ವಿಂಟಲ್ ತೊಗರಿ. ಮಳೆ ನಂಬಿದ ಹೊಲದಲ್ಲಿ ಒಂದೆಕರೆಯ ಇಡೀ ವರ್ಷದ ಬೆಳೆಯೂ ಅಷ್ಟಾಗುವುದು ಕಷ್ಟ. ಬಿತ್ತಿ, ಕಳೆ ತೆಗೆದು, ಔಷಧ ಹೊಡೆದು, ರಾಶಿ ಮಾಡಿದ ಕಾಳನ್ನು ಮಾರಿ ಯಾರೂ ಬಿಚ್ಚದ ಬಟ್ಟೆ ಹಂಚುವುದು ನನಗೆ ಸಹಿಸಲಾಗಲಿಲ್ಲ.

ಅಂಗಡಿಗೆ ಹೋಗುವ ಮೊದಲು ನಾನು ಮನೆಯ ಕಪಾಟು, ಅಡುಗೆಮನೆ ನೋಡಿದೆ. ಹಿಂದೆ ಲಗ್ನಗಳಲ್ಲಿ ಬಂದದ್ದರಲ್ಲಿ ಇವತ್ತಿಗೂ ಕೈಗೆ ಬರುತ್ತಿರುವುದು ಯಾವುದು? ತಳದಲ್ಲಿ ಮದುಮಕ್ಕಳ ಹೆಸರು ಕೆತ್ತಿಸಿದ ಸ್ಟೀಲ್ ತಂಬಿಗೆ. ಸೊಲ್ಲಾಪುರದ ದಪ್ಪ ನೂಲಿನ ಟಾವೆಲ್. ಸಂತೆಗೆ ಒಯ್ಯುವ ಒಂದು ಗಟ್ಟಿ ಬಟ್ಟೆಯ ಚೀಲ. ಬಳಕೆಗೆ ಬಾರದ್ದೂ ಬಹಳ ಇತ್ತು. ಮದುಮಕ್ಕಳ ಫೋಟೋ ಅಚ್ಚಾದ ಕಪ್ಪು ಕುಡಿಯಲೂ ಮನಸ್ಸು ಬಾರದೆ, ಒಗೆಯಲೂ ಬಾರದೆ ಧೂಳು ತಿನ್ನುತ್ತಿತ್ತು. ದೇವರ ಪಟಗಳ ಗತಿ ಇನ್ನೂ ಕೆಟ್ಟದ್ದು. ಜಗಲಿಯ ಮೇಲೆ ಜಾಗವಿಲ್ಲ, ಕಸಕ್ಕೆ ಹಾಕುವಂತಿಲ್ಲ. ಕೊನೆಗೆ ಅವು ಗುಡಿಯ ಕಟ್ಟೆ, ಬನ್ನಿ ಗಿಡದ ಬುಡ ಸೇರುತ್ತವೆ, ಇಲ್ಲವೇ ಕೃಷ್ಣೆಯ ಪಾಲಾಗುತ್ತವೆ. ಭಕ್ತಿಯಿಂದ ಕೊಟ್ಟ ವಸ್ತುವಿಗೆ ಆ ಗತಿ ಬರಬಾರದು. ದಯವಿಟ್ಟು ದೇವರ ಪಟ ಹಂಚಬೇಡಿ.

ಸಸಿ ಕೊಡೋಣ ಎಂದು ಅಣ್ಣನ ಮಗ ಹೇಳಿದ. ಒಳ್ಳೆಯ ಮಾತೇ. ಆದರೆ ನಮ್ಮಲ್ಲಿ ಲಗ್ನಗಳು ಏಪ್ರಿಲ್, ಮೇ ತಿಂಗಳ ಉರಿಬಿಸಿಲಲ್ಲಿ. ಬಸ್ಸಿನಲ್ಲಿ ಬಾಡಿದ ಸಸಿಯನ್ನು ಬಿರುಕು ಬಿಟ್ಟ ಎರೆ ಮಣ್ಣಿನಲ್ಲಿ ನೆಟ್ಟರೆ ಎಷ್ಟು ಉಳಿದಾವು? ಮೃಗಶಿರಾ ಮಳೆ ಬಿದ್ದ ಮೇಲಿನ ಕಾರ್ಯಗಳಿಗೆ ಸಸಿ ಸರಿ.

ಬಸ್ಸಿನ ವಿಚಾರ ಮುಖ್ಯ. 2023ರ ಜೂನ್‌ನಲ್ಲಿ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತ ಮಾಡಿದ ಶಕ್ತಿ ಯೋಜನೆ ಬಂದ ಮೇಲೆ ದೂರದ ಲಗ್ನಗಳಿಗೂ ಹೆಣ್ಣುಮಕ್ಕಳು ಹೆಚ್ಚು ಬರುತ್ತಿದ್ದಾರೆ. ಸಿಂದಗಿಯಿಂದ, ಇಂಡಿಯಿಂದ, ಬಾಗೇವಾಡಿಯಿಂದ ಕಂಕುಳಲ್ಲಿ ಕೂಸು, ಕೈಯಲ್ಲಿ ಚೀಲ ಹಿಡಿದು ನಿಂತೇ ಬರುವವರು ಅವರು. ಒಡೆಯುವಂಥದು, ಭಾರದ್ದು, ಸೋರುವಂಥದು ಅವರಿಗೆ ಹೊರೆ.

ಇದೆಲ್ಲ ಹಾಕಿ ತೂಗಿ ನಾನು ಮುಚ್ಚಳ ಬಿಗಿಯಾದ ಒಂದು ಸ್ಟೀಲ್ ಬುತ್ತಿ ಡಬ್ಬಿ ಸಾಕೆಂದೆ. ತಲೆಗೊಂದಲ್ಲ, ಮನೆಗೊಂದು. ಕರೆದದ್ದು ಐನೂರು ಮನೆ. ಅಲ್ಲಿಗೆ ಮನೆಯೊಂದಕ್ಕೆ 80 ರೂಪಾಯಿ ಸಿಕ್ಕಿತು.

ವೈನಿ ಒಪ್ಪಿದರು. ದೊಡ್ಡವ್ವ ಒಪ್ಪಲಿಲ್ಲ. “ಉಡಿ ತುಂಬದ ಹೆಣ್ಣಮಕ್ಕಳ್ನ ಕಳಸತೀರೇನ? ಮಂದಿ ಏನಂದಾರು?” ಎಂದರು. ಅವರ ಮಾತಿಗೆ ಬೆಲೆ ಇತ್ತು. ಹತ್ತಿರದ ಮುತ್ತೈದೆಯರಿಗೆ ಉಡಿ ತುಂಬಲು ಗುಳೇದಗುಡ್ಡದ ಖಣವನ್ನೇ ತಂದೆವು. ಬೆಲೆ ಹೆಚ್ಚು, ಆದರೆ ಅದು ಇಲಕಲ್ ಸೀರೆಯ ಜೋಡಿ ನಿಜವಾಗಿ ಮೈಮೇಲೆ ಬರುತ್ತದೆ, ನೇಕಾರನ ಕೈಗೆ ಕೂಲಿಯೂ ಸಿಗುತ್ತದೆ. ಕೆಲವೇ ಜನರಿಗೆ ಒಳ್ಳೆಯದನ್ನು ಕೊಟ್ಟರೆ ಪದ್ಧತಿಗೂ ಮರ್ಯಾದೆ.

ಆದರೆ ದೊಡ್ಡವ್ವನಿಗೆ ನಾನು ಇನ್ನೊಂದು ಮಾತು ಹೇಳಿದೆ, ಅದು ಹಣದ ಮಾತಲ್ಲ. ಖಣ, ಅರಿಷಿಣ, ಕುಂಕುಮದ ತಾಟು ಸಾಲಿನಲ್ಲಿ ಬರುವಾಗ ಗಂಡ ತೀರಿದ ಹೆಣ್ಣುಮಗಳ ಮುಂದೆ ಅದು ನಿಲ್ಲುವುದಿಲ್ಲ. ಕೂಸಿಗೆ ಎಣ್ಣೆ ಹಚ್ಚಿ ಎರೆದು ಬೆಳೆಸಿದ ಚಿಗವ್ವನೇ ಆದರೂ ತಾಟು ಅವಳನ್ನು ದಾಟಿ ಮುಂದೆ ಹೋಗುತ್ತದೆ. ಬಸವಣ್ಣ ಹುಟ್ಟಿದ ಬಾಗೇವಾಡಿ ನಮಗೆ ನೆರೆಯ ಊರು. ಇಲ್ಲಿಯೂ ಹೀಗೆ ನಡೆಯುವುದು ನನಗೆ ಪ್ರತಿ ಲಗ್ನದಲ್ಲೂ ನೋವು ಕೊಟ್ಟಿದೆ. ಹಂದರದ ಬಾಗಿಲಲ್ಲಿ ನಿಂತು ಕೊಡುವ ಡಬ್ಬಿಗೆ ಯಾರು ಮುತ್ತೈದೆ, ಯಾರು ಅಲ್ಲ ಎಂಬ ವಿಚಾರಣೆ ಇಲ್ಲ. ಓಣಿಯ ಮುಸಲ್ಮಾನ ಮನೆಯವರಿಗೂ ಅದೇ ಡಬ್ಬಿ, ಅಡುಗೆಗೆ ಬಂದವರಿಗೂ ಅದೇ.

ದೊಡ್ಡವ್ವ ತುಸು ಹೊತ್ತು ಸುಮ್ಮನಿದ್ದು, “ಆತು, ಹಂಗಾರ ಬರೇ ಡಬ್ಬಿ ಕೊಡಬ್ಯಾಡ. ಖಾಲಿ ಪಾತ್ರಿ ಯಾರ ಕೈಯಾಗೂ ಕೊಡಬಾರದು. ಒಂದೀಟು ಶೇಂಗಾ ಹಿಂಡಿ ಹಾಕು” ಎಂದರು. ಇಡೀ ಲೆಕ್ಕದಲ್ಲಿ ಎಲ್ಲಕ್ಕಿಂತ ಒಳ್ಳೆಯ ಸಲಹೆ ಅದೇ. ಹಳ್ಳಿಯ ಒಂದು ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಕಿಲೋಕ್ಕೆ 220ರಂತೆ ಕುಟ್ಟಿ ಕೊಟ್ಟರು. ಡಬ್ಬಿಗೆ ನೂರು ಗ್ರಾಂ ಎಂದರೆ ಐವತ್ತು ಕಿಲೋ, 11 ಸಾವಿರ. ಡಬ್ಬಿ ಒಂದಕ್ಕೆ 58ರಂತೆ 29 ಸಾವಿರ. ಮೊತ್ತ ಅದೇ 40 ಸಾವಿರ. ಖಣದ ಖರ್ಚು ಆಯಾರದ ಲೆಕ್ಕಕ್ಕೆ ಸೇರಿತು. ಖರ್ಚು ಉಳಿಯಲಿಲ್ಲ ನಿಜ. ಆದರೆ ಅದರ ಕಾಲುಭಾಗಕ್ಕಿಂತ ಹೆಚ್ಚು ನಮ್ಮ ಸೀಮೆಯ ಹೆಣ್ಣುಮಕ್ಕಳ ಕೈಗೇ ಹೋಯಿತು. ಹಿಂಡಿ ವಾರಗಟ್ಟಲೆ ಕೆಡುವುದಿಲ್ಲ, ರೊಟ್ಟಿ ಇರುವ ಮನೆಯಲ್ಲಿ ಅದು ವ್ಯರ್ಥವೂ ಆಗುವುದಿಲ್ಲ. ಕಡಕ್ ರೊಟ್ಟಿಯ ವಿಚಾರವೂ ಬಂದಿತ್ತು, ಬಸ್ಸಿನಲ್ಲಿ ಪುಡಿಯಾಗುತ್ತದೆ ಎಂದು ಬಿಟ್ಟೆವು.

ಲಗ್ನವಾಗಿ ಕೆಲವು ತಿಂಗಳಿಗೆ ಆ ಡಬ್ಬಿಗಳು ಕಣ್ಣಿಗೆ ಬೀಳತೊಡಗಿದವು. ಹತ್ತಿ ಬಿಡಿಸಲು ಹೊರಟವರ ಬುತ್ತಿಗಂಟಿನಲ್ಲಿ, ಶಾಲೆಗೆ ಹೋಗುವ ಹುಡುಗರ ಪಾಟಿಚೀಲದಲ್ಲಿ. ಒಬ್ಬಾಕೆ ಅದರಲ್ಲಿ ಇಂಡಿ ಲಿಂಬೆಯ ಉಪ್ಪಿನಕಾಯಿ ಹಾಕಿ ನಮ್ಮ ಮನೆಗೇ ಕಳಿಸಿದ್ದರು. ಉಪ್ಪು, ಹುಳಿ ಸ್ಟೀಲಿಗೆ ಒಳ್ಳೆಯದಲ್ಲ, ಗಾಜಿನ ಭರಣಿಗೆ ಹಾಕಿರೆಂದು ಹೇಳಿ ಡಬ್ಬಿ ತುಂಬ ಬೆಲ್ಲ ಹಾಕಿ ಮರಳಿಸಿದೆವು.

ಈ ಸಲ ಲಗ್ನ ಇಟ್ಟುಕೊಂಡವರಿಗೆ ನಾಲ್ಕು ಮಾತು. ಭಾಂಡೆ ಅಂಗಡಿಯಲ್ಲಿ ಹೊಳಪು ನೋಡಿ ಕೊಳ್ಳಬೇಡಿ, ತೂಗಿಸಿ ಕೊಳ್ಳಿ. ತೆಳ್ಳನೆಯ ತಗಡು ಒಂದೇ ಸಲ ಬಿದ್ದರೆ ತಗ್ಗು ಬೀಳುತ್ತದೆ, ಮುಚ್ಚಳ ಕೂರುವುದಿಲ್ಲ. ನಮೂನೆಗೆ ಒಂದು ಡಬ್ಬಿ ತಂದು ನೀರು ತುಂಬಿ ಬೋರಲು ಹಿಡಿದು ನೋಡಿ, ಅಂಚಿನ ಮೇಲೆ ಬೆರಳಾಡಿಸಿ. ಹೆಸರು ಕೆತ್ತಿಸುವುದಿದ್ದರೆ ತಳದಲ್ಲಿ ಸಣ್ಣದಾಗಿ ಕೆತ್ತಿಸಿ. 2025ರ ಸೆಪ್ಟೆಂಬರ್ 22ರಿಂದ ಸ್ಟೀಲ್ ಪಾತ್ರೆಗಳ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ, ಆದ್ದರಿಂದ ಪಕ್ಕಾ ಬಿಲ್ಲು ಕೇಳಿ ಪಡೆಯಿರಿ, ಇಳಿದ ತೆರಿಗೆ ನಿಮ್ಮ ದರದಲ್ಲಿ ಕಾಣಿಸಿದೆಯೇ ನೋಡಿ. ಉಳಿದ ಡಬ್ಬಿಗಳನ್ನು ವಾಪಸ್ ತೆಗೆದುಕೊಳ್ಳುವ ಮಾತನ್ನು ಮುಂಗಡ ಕೊಡುವ ಮೊದಲೇ ಆಡಿ, ಬಿಲ್ಲಿನ ಮೇಲೆ ಬರೆಸಿಕೊಳ್ಳಿ.