ಕೇಬಲ್ ಕಳಚಿದ್ದು ಸರ್ವರ್‌ಗೆ ಗೊತ್ತೇ?

ಸರ್ವರ್ ಚಾಲೂ ಇದೆ, ಫ್ಯಾನ್ ತಿರುಗುತ್ತಿದೆ, ಆದರೂ ವೆಬ್‌ಸೈಟ್ ತೆರೆಯುತ್ತಿಲ್ಲ. ಇಂಥ ಹೊತ್ತಿನಲ್ಲಿ ಮೊದಲು ನೋಡಬೇಕಾದವುಗಳಲ್ಲಿ ನೆಟ್‌ವರ್ಕ್ ಇಂಟರ್‌ಫೇಸ್‌ನ ಸ್ಥಿತಿಯೂ ಒಂದು.

ಇದನ್ನು ದೂರದಿಂದಲೇ ವಿಚಾರಿಸಲು 1988ರಲ್ಲಿ ಬಂದದ್ದು ಎಸ್‌ಎನ್‌ಎಂಪಿ, ಅಂದರೆ ಸಿಂಪಲ್ ನೆಟ್‌ವರ್ಕ್ ಮ್ಯಾನೇಜ್‌ಮೆಂಟ್ ಪ್ರೋಟೊಕಾಲ್. ಸಾಮಾನ್ಯವಾಗಿ ಯುಡಿಪಿ ಮೇಲೆ ನಡೆಯುವ ಇದರಲ್ಲಿ ನಿಗಾ ವ್ಯವಸ್ಥೆಯ ಪ್ರಶ್ನೆ ಪೋರ್ಟ್ 161ಕ್ಕೆ ಹೋಗುತ್ತದೆ. ಸಾಧನ ತಾನಾಗಿಯೇ ಕಳಿಸುವ ‘ಟ್ರ್ಯಾಪ್’ ಎಂಬ ಎಚ್ಚರಿಕೆ 162ಕ್ಕೆ ಬರುತ್ತದೆ.

ಪ್ರತಿ ಇಂಟರ್‌ಫೇಸ್‌ಗೂ ಎರಡು ಸ್ಥಿತಿಗಳಿವೆ. ನಿರ್ವಾಹಕ ಬಯಸಿದ್ದು ‘ಅಡ್ಮಿನ್’ ಸ್ಥಿತಿ, ವಾಸ್ತವವಾಗಿ ಇರುವುದು ‘ಆಪರೇಷನಲ್’ ಸ್ಥಿತಿ. ಮೊದಲನೆಯದು ಅಪ್, ಎರಡನೆಯದು ಡೌನ್ ಎಂದಿದ್ದರೆ ದೋಷವಿದೆ ಎಂದೇ ಅನುಮಾನಿಸಬೇಕು. ಎರಡೂ ಡೌನ್ ಇದ್ದರೆ ಯಾರೋ ಬೇಕೆಂದೇ ನಿಲ್ಲಿಸಿದ್ದಾರೆ. ಲಿನಕ್ಸ್‌ನಲ್ಲಿ ‘ಐಪಿ ಲಿಂಕ್’ ಆದೇಶ ಕೊಟ್ಟಾಗ ‘ನೋ ಕ್ಯಾರಿಯರ್’ ಎಂದು ಕಂಡರೆ ತಂತಿಯ ಆಚೆ ತುದಿಯಿಂದ ಸಂಕೇತ ಬರುತ್ತಿಲ್ಲ: ಕೇಬಲ್ ಕಳಚಿರಬಹುದು, ಸ್ವಿಚ್‌ನ ಪೋರ್ಟ್ ಆಫ್ ಆಗಿರಬಹುದು.

ಸ್ವಾರಸ್ಯವಿರುವುದು ದಟ್ಟಣೆಯ ಲೆಕ್ಕದಲ್ಲಿ. ಹಳೆಯ 32 ಬಿಟ್ ಕೌಂಟರ್ 4,294,967,295 ಬೈಟ್‌ವರೆಗೆ ಎಣಿಸಿ ಮತ್ತೆ ಸೊನ್ನೆಗೆ ಬರುತ್ತದೆ. ಸೆಕೆಂಡಿಗೆ 10 ಮೆಗಾಬಿಟ್ ಪೂರ್ಣ ಹರಿವಿದ್ದರೆ ಈ ಸುತ್ತಿಗೆ ಸುಮಾರು 57 ನಿಮಿಷ ಬೇಕು. 1 ಗಿಗಾಬಿಟ್ ಆದರೆ ಬರೀ 34 ಸೆಕೆಂಡು! ಐದು ನಿಮಿಷಕ್ಕೊಮ್ಮೆ ಓದುವ ಉಪಕರಣಕ್ಕೆ ಎಷ್ಟು ಸುತ್ತು ಮುಗಿದವೆಂಬುದೇ ತಿಳಿಯದು, ಗ್ರಾಫ್ ಸುಳ್ಳು ಹೇಳುತ್ತದೆ. ಅದಕ್ಕೇ 64 ಬಿಟ್ ಕೌಂಟರ್‌ಗಳು ಬಂದವು.

ಆವೃತ್ತಿಗಳ ಬಗ್ಗೆ ಪ್ರಶ್ನೆ ಬಂದರೆ ನೆನಪಿರಲಿ: ಗೂಢಲಿಪೀಕರಣ ಮತ್ತು ಬಳಕೆದಾರರ ದೃಢೀಕರಣವಿರುವುದು ಎಸ್‌ಎನ್‌ಎಂಪಿಯ 3ನೇ ಆವೃತ್ತಿಯಲ್ಲಿ.